ಕಾಲುಸಂಕ ಬೇಕು ಅಂತ ಯಾರನ್ನು ಕೇಳೋದು?

ಹೊಸನಗರ, ತೀರ್ಥಹಳ್ಳಿ ಕಡೆ ಹಳ್ಳ ತುಂಬಿದರೆ ಮಕ್ಕಳು ಶಾಲೆ ತಪ್ಪಿಸಬೇಕು. ಅದಕ್ಕೇ ಗ್ರಾಮಸಭೆಯಲ್ಲಿ ಕಾಲುಸಂಕದ, ಅಂದರೆ ಹಳ್ಳ ನಡೆದು ದಾಟುವ ಕಿರುಸೇತುವೆಯ ಮಾತು ಬಂದೇ ಬರುತ್ತದೆ. ಆದರೆ ಯಾರನ್ನು ಕೇಳಿದರೆ ಕೆಲಸ ಆಗುತ್ತದೆ ಅನ್ನೋದು ಹಲವು ಸಲ ಬದಲಾಗಿದೆ. ಸಭೆಗೆ ಬರುವ ಜನರ ಉತ್ಸಾಹವೂ ಅದರ ಜೊತೆಗೇ ಏರಿ ಇಳಿದಿದೆ.

1959ರ ಕಾಯ್ದೆಯಲ್ಲೂ ಪಂಚಾಯಿತಿ ಇತ್ತು. ಜಿಲ್ಲಾ ಅಭಿವೃದ್ಧಿ ಪರಿಷತ್ತಿಗೆ ಮಾತ್ರ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಈ ಪದ್ಧತಿ ತಲೆಕೆಳಗಾದದ್ದು ರಾಮಕೃಷ್ಣ ಹೆಗಡೆ ಸರ್ಕಾರದ 1983ರ ಕಾಯ್ದೆಯಿಂದ. ಇದರ ಹಿಂದಿದ್ದವರು, ಊರೂರಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡ ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬ್. 1987ರಲ್ಲಿ ಚುನಾವಣೆ ನಡೆಯಿತು. ಹೆಂಗಸರಿಗೆ ಶೇ 25 ಸೀಟು ಸಿಕ್ಕಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅಧಿಕಾರಿಗಳು ಜನ ಆರಿಸಿದವರಿಗೆ ಲೆಕ್ಕ ಕೊಡುವಂತಾಯಿತು.

ಅವಧಿ ಮುಗಿದ ಮೇಲೆ ಮತ್ತೆ ಆಡಳಿತಾಧಿಕಾರಿಗಳ ಕಾಲ. ಪಂಚಾಯಿತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ಬಂದು, ರಾಜ್ಯದ 1993ರ ಕಾಯ್ದೆ ಜಾರಿಯಾದ ಮೇಲೆ 1983ರ ಕಾಯ್ದೆಯ ಮಂಡಲ ಪಂಚಾಯಿತಿಗಳು ಹೋಗಿ ಗ್ರಾಮ ಪಂಚಾಯಿತಿ ಬಂದವು. ಮಲೆನಾಡಿಗೆ ಇದರಲ್ಲೊಂದು ಉಪಕಾರ ಆಯಿತು. ಬೇರೆಡೆ 5000ದಿಂದ 7000 ಜನಕ್ಕೊಂದು ಪಂಚಾಯಿತಿ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನಂಥ ಕಡೆ 2500 ಜನ ಇದ್ದರೂ ಸಾಕು. ಗುಡ್ಡಕ್ಕೊಂದು, ಕಣಿವೆಗೊಂದು ಮನೆ ಇರುವ ಸೀಮೆಯಲ್ಲಿ ಪಂಚಾಯಿತಿ ಆಫೀಸು ಹತ್ತಿರ ಬರೋದು ಸಣ್ಣ ವಿಷಯ ಅಲ್ಲ ಅಲ್ವಾ? ಮುಂದೆ ವಾರ್ಡ್ ಸಭೆಗಳೂ ಬಂದವು. ದೂರ ನಡೆದು ಹೋಗಿ ಮಾತಾಡಲು ಹಿಂಜರಿಯುತ್ತಿದ್ದವರು ಪಕ್ಕದ ಅಂಗನವಾಡಿಯಲ್ಲಿ ಕೂತು ಬಾಯಿ ಬಿಡುತ್ತಾರೆ. 2010ರಿಂದ ಪಂಚಾಯಿತಿ ಸೀಟುಗಳಲ್ಲಿ ಹೆಂಗಸರ ಪಾಲು ಅರ್ಧಕ್ಕೇರಿದೆ.

ಹಾಗಂತ ಎಲ್ಲ ಸಭೆಯೂ ತುಂಬಿ ತುಳುಕುವುದಿಲ್ಲ. ಅಡಿಕೆ ಕೊನೆ ಕೊಯ್ಲಿನ ದಿನ ಸಭೆ ಇಟ್ಟರೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ, ಆಗುವುದೇ ಕಷ್ಟ. ಮನೆ ಮಂಜೂರಾತಿ ಪಟ್ಟಿ ಓದುವ ದಿನ ನಿಲ್ಲಲೂ ಜಾಗ ಇರಲ್ಲ. ಹೆಸರು ಓದಿ ಮುಗಿದರೆ ಕುರ್ಚಿ ಖಾಲಿ. ಜನರಿಗೆ ಆಸಕ್ತಿ ಇಲ್ಲ ಅಂತ ಸುಮ್ನೆ ದೂರುತ್ತೇವೆ. ನನಗನ್ನಿಸುವುದು, ಅಲ್ಲೇ ತೀರ್ಮಾನ ಆಗುವ ಸಂಗತಿಗೆ ಜನ ಬಂದೇ ಬರುತ್ತಾರೆ. ಹಿಂದಿನ ಸಭೆಯ ಠರಾವು ಏನಾಯಿತು ಅಂದಾಗ 'ಮೇಲಕ್ಕೆ ಕಳಿಸಿದ್ದೇವೆ' ಅನ್ನುವ ಉತ್ತರ ಬಂದರೆ ಮುಂದಿನ ಸಲ ಯಾಕೆ ಬಂದಾರು?

ಆ 'ಮೇಲೆ' ಕೂಡ ಖಾಲಿಯಾಯಿತು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದರೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಗ್ರಾಮ ಪಂಚಾಯಿತಿ ದುಡ್ಡಿಗೆ ಮೀರಿದ ಸಂಕವಾದರೆ ಅರ್ಜಿ ಹಿಡಿದು ಶಾಸಕರ ಮನೆ ಬಾಗಿಲಿಗೇ ಹೋಗಬೇಕಾಯಿತು.