ಎಕ್ಸ್‌ಕ್ಲೂಷನ್ ಪೀರಿಯಡ್ ಅಂದ್ರೆ ಏನು? ಹುಷಾರಿಲ್ಲದ ಮಗು ಎಷ್ಟು ದಿನ ಮನೇಲಿರ್ಬೇಕು?

ಕೆಲವು ಸ್ಕೂಲ್ ಡೈರಿಗಳಲ್ಲಿ ಫೀಸು, ಯೂನಿಫಾರ್ಮು, ಬಸ್ ಟೈಮಿಂಗು ಎಲ್ಲ ಮುಗಿದ್ಮೇಲೆ ಕೊನೇಲಿ ಸಣ್ಣಕ್ಷರದ ಒಂದು ಟೇಬಲ್ ಇರತ್ತೆ. ಒಂದು ಕಡೆ ಕಾಯಿಲೆ ಹೆಸ್ರು, ಇನ್ನೊಂದು ಕಡೆ ದಿನದ ಲೆಕ್ಕ, ಮೇಲೆ 'ಎಕ್ಸ್‌ಕ್ಲೂಷನ್ ಪೀರಿಯಡ್' ಅಂತ ಬರ್ದಿರ್ತಾರೆ. ಪದ ಕೇಳಿದ್ರೆ ಮಗೂನ ಸ್ಕೂಲಿಂದ ಹೊರಗೆ ಹಾಕ್ತಾರೇನೋ ಅನ್ಸತ್ತೆ. ಅಷ್ಟೆಲ್ಲ ಇಲ್ಲ, ಅಂಟುರೋಗ ಬಂದ ಮಗುವಿಂದ ಬೇರೆಯವ್ರಿಗೆ ಹರಡೋ ದಿನಗಳು ಮುಗಿಯೋವರೆಗೆ ಮಗು ಕ್ಲಾಸಿಗೆ ಬರಬಾರದು, ಅಷ್ಟೇ ಅರ್ಥ. ಇಲ್ಲೇ ನಾವು ಎಡವೋದು, ಯಾಕಂದ್ರೆ ಮನೇಲಿ ನಾವು ನೋಡೋದು ಮಗು ಊಟ ಮಾಡ್ತಾ, ಓಡಾಡ್ತಾ ಅಂತ, ಟೇಬಲ್ ನೋಡೋದು ವೈರಸ್ ಇನ್ನೂ ಹೊರಗೆ ಬರ್ತಿದ್ಯಾ ಅಂತ.

ಕೊರೋನಾ ಟೈಮಲ್ಲಿ ಕೇಳಿ ಕೇಳಿ ಸಾಕಾಗಿರೋ ಎರಡು ಪದಗಳ ಜೊತೆ ಇದನ್ನ ಕಲಸಿಬಿಡ್ತಾರೆ. ಐಸೋಲೇಷನ್ ಅಂದ್ರೆ ಕಾಯಿಲೆ ಬಂದವ್ರನ್ನ ಎಲ್ಲರಿಂದ ಬೇರೆ ಇಡೋದು, ಮನೆಯವ್ರಿಂದಲೂ. ಕ್ವಾರಂಟೈನ್ ಅಂದ್ರೆ ಸೋಂಕಿತರ ಹತ್ರ ಇದ್ದು ಇನ್ನೂ ಚೆನ್ನಾಗೇ ಇರೋರನ್ನ ಬೇರೆ ಇಡೋದು, ಹಿಂದೆ ಪ್ಲೇಗ್ ಹೆದರಿಕೆಗೆ ಇಟಲಿಯ ವೆನಿಸ್‌ನಲ್ಲಿ ಹಡಗುಗಳನ್ನ 40 ದಿನ ನಿಲ್ಲಿಸ್ತಿದ್ರಲ್ಲ, ಪದ ಬಂದಿದ್ದೇ ಅಲ್ಲಿನ ಭಾಷೇಲಿ ನಲವತ್ತು ಅನ್ನೋ ಪದದಿಂದ. ಎಕ್ಸ್‌ಕ್ಲೂಷನ್ ಇವೆರಡಕ್ಕಿಂತ ಮೆತ್ತಗಿನದು, ಮನೇಲಿ ಮಗು ಅಜ್ಜಿ ಪಕ್ಕ ಮಲಗ್ಲಿ ಬಿಡ್ಲಿ ಅದು ಸ್ಕೂಲಿಗೆ ಸಂಬಂಧ ಇಲ್ಲ, ಕ್ಲಾಸ್ ರೂಮಿಗೆ ಬರಬಾರದು ಅಷ್ಟೇ. ಆದ್ರೆ ಒಂದೊಂದ್ಸಲ ಚೆನ್ನಾಗಿರೋ ಮಗುವಿಗೂ ಇದು ತಗಲತ್ತೆ. ಅಮೆರಿಕದಲ್ಲಿ ಸ್ಕೂಲಲ್ಲಿ ಯಾರಿಗಾದ್ರೂ ದಡಾರ ಬಂದ್ರೆ ಲಸಿಕೆ ಹಾಕಿಸ್ಕೊಳ್ಳದೇ ಇರೋ ಮಕ್ಕಳನ್ನ 21 ದಿನ ಮನೇಲಿ ಇರ್ಸ್ತಾರೆ.

ದಿನ ಎಣಿಸೋದ್ರಲ್ಲೂ ಒಂದು ಕಿತಾಪತಿ ಇದೆ. ದಡಾರಕ್ಕೆ ಮೈ ಮೇಲೆ ದದ್ದು ಎದ್ದ ಮೇಲೆ 4 ದಿನ ಅಂತಾರೆ, ಆದ್ರೆ ಎದ್ದ ದಿನವನ್ನ ಸೊನ್ನೆ ಅಂತ ಹಿಡೀಬೇಕು. ಸೋಮವಾರ ಕಾಣಿಸ್ಕೊಂಡ್ರೆ ಶುಕ್ರವಾರವೂ ಮನೇಲೇ, ಶನಿವಾರ ಮೈ ಚೆನ್ನಾಗಿದ್ರೆ ಹೋಗಬಹುದು. ಮಂಗನಬಾವು ಆದ್ರೆ ಕೆನ್ನೆ ಊದ್ಕೊಂಡ ಮೇಲೆ 5 ದಿನ. ಸೀತಾಳೆ ಸಿಡುಬಿಗೆ ಕ್ಯಾಲೆಂಡರ್ ನೋಡೋಕಿಂತ ಚರ್ಮ ನೋಡೋದು ಮುಖ್ಯ, ಹೊಸ ಗುಳ್ಳೆ ಏಳೋದು ನಿಂತು ಇರೋವೆಲ್ಲ ಒಣಗಿ ಹಕ್ಕಳೆ ಕಟ್ಟಬೇಕು, ಸಾಮಾನ್ಯವಾಗಿ ಐದರಿಂದ ಏಳು ದಿನ ಹಿಡಿಯತ್ತೆ. ಹಕ್ಕಳೆ ಪೂರ್ತಿ ಉದುರಿ ಕಲೆನೂ ಹೋಗ್ಲಿ ಅಂತ ಹಠ ಹಿಡಿಯೋ ಸ್ಕೂಲುಗಳೂ ಇವೆ, ಅದು ಅನಾವಶ್ಯಕ, ಮಗುವಿನ ಪಾಠ ಹೋಗತ್ತೆ ಅಷ್ಟೇ.

ನಮ್ಮ ಅಜ್ಜಿಯಂದಿರಿಗೆ ಈ ಇಂಗ್ಲಿಷ್ ಪದ ಗೊತ್ತಿರ್ಲಿಲ್ಲ, ಲೆಕ್ಕ ಮಾತ್ರ ಗೊತ್ತಿತ್ತು. ಮಗುವಿಗೆ 'ಅಮ್ಮ' ಆಗಿದೆ, ಅಂದ್ರೆ ಸಿಡುಬು ಎದ್ದಿದೆ ಅಂತಾದ್ರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸೋರು, ಸೊಪ್ಪು ನೋಡಿದ ನೆಂಟರು ಹೊಸಿಲಿಂದಲೇ ವಾಪಸ್ಸು, ಗುಳ್ಳೆ ಒಣಗಿ ತಲೆಗೆ ನೀರು ಹಾಕೋವರೆಗೆ ಮಗು ಮನೆ ಬಿಟ್ಟು ಆಚೆ ಹೋಗೋ ಹಾಗಿಲ್ಲ. ಕಾರಣ ದೇವಿ ಕೋಪ ಅಂತಿದ್ರು, ಆದ್ರೆ ನೀರು ಹಾಕೋ ಹೊತ್ತು ಹೆಚ್ಚುಕಮ್ಮಿ ಡಾಕ್ಟ್ರು ಹೇಳೋ ಹಕ್ಕಳೆ ಕಟ್ಟೋ ಹೊತ್ತೇ.

ದೊಡ್ಡ ತಲೆನೋವು ಇಂಥ ಹೆಸರಿರೋ ಕಾಯಿಲೆ ಅಲ್ಲ, ಮಾಮೂಲಿ ಜ್ವರ. ಬೆಳಿಗ್ಗೆ ಏಳೂವರೆಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ, ಹಣೆ ಮುಟ್ಟಿ ನೋಡಿ, ತಣ್ಣಗಿದೆ ಅಂತ ವ್ಯಾನ್ ಹತ್ತಿಸ್ತೀವಿ. ಆ ಔಷಧಿ ನಿಲ್ಲೋದು ನಾಲ್ಕರಿಂದ ಆರು ಗಂಟೆ, ಸರಿಯಾಗಿ ಟಿಫನ್ ಬಾಕ್ಸ್ ತೆಗೆಯೋ ಹೊತ್ತಿಗೆ ಮೈ ಮತ್ತೆ ಸುಡತ್ತೆ, ಸ್ಕೂಲಿಂದ ಫೋನು ಬರತ್ತೆ, ಅಷ್ಟರಲ್ಲಿ ಪಕ್ಕದ ಬೆಂಚಿನವ್ರ ಜೊತೆ ನೀರಿನ ಬಾಟ್ಲು ಹಂಚ್ಕೊಂಡು ಆಗಿರತ್ತೆ. ಅದಕ್ಕೇ ಅಮೆರಿಕದ ಎಷ್ಟೋ ಸ್ಕೂಲುಗಳ ರೂಲಲ್ಲಿ 'ಔಷಧಿ ಇಲ್ಲದೆ 24 ಗಂಟೆ ಜ್ವರ ಇರಬಾರದು' ಅಂತ ಇರೋದು, ಈ 'ಔಷಧಿ ಇಲ್ಲದೆ' ಅನ್ನೋದ್ರಲ್ಲೇ ಇರೋದು ಎಲ್ಲ. ವಾಂತಿ ಭೇದಿಗೆ ಇಂಗ್ಲೆಂಡಲ್ಲಿ ಕೊನೇಸಲ ಆಗಿ 48 ಗಂಟೆ ಅಂತಾರೆ. ನಮ್ಮಲ್ಲೂ 2025ರಲ್ಲಿ ಸ್ಕೂಲು ಶುರುವಾಗೋ ಟೈಮಿಗೆ ಕೊರೋನಾ ಮತ್ತೆ ತಲೆ ಎತ್ತಿದಾಗ ಕರ್ನಾಟಕ ಸರ್ಕಾರ ಸುತ್ತೋಲೆ ಹೊರಡ್ಸಿ ಜ್ವರ, ಕೆಮ್ಮು, ನೆಗಡಿ ಇರೋ ಮಕ್ಕಳನ್ನ ಕಳಿಸ್ಬೇಡಿ, ಹಾಗೇ ಬಂದ್ರೆ ವಾಪಸ್ ಕಳಿಸಿ ಅಂತ ಹೇಳಿತ್ತು. ಹೇಳೋದು ಸುಲಭ, ಅಪ್ಪ ಅಮ್ಮ ಇಬ್ರಿಗೂ ದಿನಗೂಲಿ ಇರೋ ಮನೇಲಿ ಮಗೂನ ಯಾರು ನೋಡ್ಕೋಬೇಕು? ಇದರ ಮೇಲೆ ವರ್ಷ ಪೂರ್ತಿ ರಜೆ ಹಾಕದ ಮಗುವಿಗೆ ಸ್ಟೇಜ್ ಮೇಲೆ ಪ್ರೈಜ್ ಬೇರೆ, ಜ್ವರ ಬಂದ್ರೂ ಬಾ ಅಂತ ಕರೆದ ಹಾಗೆ.

ಅಂದ್ಮಾತ್ರಕ್ಕೆ ಮನೇಲಿ ಇರ್ಸಿದ್ರೆ ಎಲ್ಲ ನಿಲ್ಲತ್ತೆ ಅಂತಲ್ಲ. ದಡಾರ ದದ್ದು ಏಳೋಕೆ 4 ದಿನ ಮುಂಚೆಯಿಂದ್ಲೇ ಹರಡತ್ತೆ, ಸೀತಾಳೆ ಸಿಡುಬು ಒಂದೆರಡು ದಿನ ಮುಂಚೆ, ಅಂದ್ರೆ ಟೀಚರಿಗೆ ಗೊತ್ತಾಗೋ ಹೊತ್ತಿಗೆ ಅದು ಕ್ಲಾಸ್ ಸುತ್ತಿ ಬಂದಾಗಿರತ್ತೆ. ಕೈ, ಕಾಲು, ಬಾಯಿ ಹುಣ್ಣಿನ ಕಾಯಿಲೆ ಇದೆಯಲ್ಲ, 2022ರಲ್ಲಿ ಕೇರಳದಿಂದ 'ಟೊಮ್ಯಾಟೊ ಫ್ಲೂ' ಅಂತ ಸುದ್ದಿ ಆಗಿದ್ದು, ಅದರ ವೈರಸ್ ಮಗು ಹುಷಾರಾದ ಮೇಲೂ ವಾರಗಟ್ಟಲೆ ಮಲದಲ್ಲಿ ಬರ್ತಿರತ್ತೆ, ಅಷ್ಟು ದಿನ ಯಾರನ್ನ ಮನೇಲಿ ಕೂರಿಸೋಕಾಗತ್ತೆ? ಅಲ್ಲಿ ಕೆಲಸ ಮಾಡೋದು ಟಾಯ್ಲೆಟ್ ಹತ್ರ ಇರೋ ಸೋಪು, ನಲ್ಲೀಲಿ ನೀರು. ದಡಾರಕ್ಕಾದ್ರೆ ಸರ್ಕಾರಿ ಲಸಿಕೆ ಪುಕ್ಕಟೆ ಸಿಗತ್ತೆ, ಎರಡು ಡೋಸು, 2017ರಲ್ಲಿ ರಾಜ್ಯದಲ್ಲಿ ದೊಡ್ಡ ಅಭಿಯಾನವೇ ಆಯ್ತು. ಮಂಗನಬಾವು, ಸೀತಾಳೆ ಸಿಡುಬಿನ ಲಸಿಕೆ ಸರ್ಕಾರಿ ಪಟ್ಟೀಲಿ ಇಲ್ಲ, ಪ್ರೈವೇಟಲ್ಲಿ ದುಡ್ಡು ಕೊಟ್ಟು ಹಾಕಿಸ್ಬೇಕು, ಹಾಗಾಗಿ ಸ್ಕೂಲುಗಳಲ್ಲಿ ಇವೆರಡು ಕಾಣ್ತಾನೇ ಇರತ್ತೆ.

ಇನ್ನು ಹೇನು. ತಲೇಲಿ ಹೇನು ಕಂಡ ತಕ್ಷಣ ಹೆಣ್ಮಕ್ಕಳನ್ನ ಎಲ್ಲರ ಮುಂದೆ ನಿಲ್ಲಿಸಿ ಮನೆಗೆ ಕಳಿಸೋ ಸ್ಕೂಲುಗಳಿವೆ. ಅದರಿಂದ ಯಾವ ರೋಗವೂ ಹರಡಲ್ಲ, ಸ್ಕೂಲು ಬಿಡಿಸೋ ಅಗತ್ಯ ಇಲ್ಲ ಅಂತ ಅಮೆರಿಕದ ಮಕ್ಕಳ ಡಾಕ್ಟ್ರುಗಳ ಸಂಘವೇ ಹೇಳತ್ತೆ. ಸಂಜೆ ಮನೆಗೆ ಬಂದ್ಮೇಲೆ ಹೇನಿನ ಬಾಚಣಿಗೆ ಹಿಡ್ಕೊಂಡು ಕೂತ್ರೆ ಆಯ್ತು.