ಇಎಫ್‌ಐ ಟ್ಯೂನಿಂಗ್: ವಿಇ ಟೇಬಲ್‌ಗೆ ಕೈ ಹಾಕುವ ಮುನ್ನ, ಹಾಕಿದ ಮೇಲೆ

ಇಎಫ್‌ಐ (ಎಲೆಕ್ಟ್ರಾನಿಕ್ ಇಂಧನ ಇಂಜೆಕ್ಷನ್) ಎಂಜಿನ್‌ನ ಟ್ಯೂನಿಂಗ್ ಹೊಸದಾಗಿ ಕಲಿಯುವವರು ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೆ ಲ್ಯಾಪ್‌ಟಾಪ್ ಜೋಡಿಸಿದ ಕೂಡಲೇ ವಿಇ (ವಾಲ್ಯೂಮೆಟ್ರಿಕ್ ಎಫಿಶಿಯನ್ಸಿ, ಸಿಲಿಂಡರ್ ಶೇಕಡಾ ಎಷ್ಟು ಗಾಳಿ ತುಂಬಿಕೊಳ್ಳುತ್ತದೆ ಎಂಬ ಅಂಕಿ) ಟೇಬಲ್ ತೆರೆದು ಅಂಕಿ ತಿದ್ದಲು ಶುರು ಮಾಡುತ್ತಾರೆ. ಎಂಜಿನ್ ಹೇಗೋ ಓಡುತ್ತದೆ. ಆಮೇಲೆ ಹೆಡ್‌ಲೈಟ್ ಹಾಕಿದರೆ ಐಡಲ್ (ಪೆಡಲ್ ಒತ್ತದಿರುವಾಗಿನ ಓಟ) ಕುಸಿಯುತ್ತದೆ, ಬಿಸಿಲೇರಿದರೆ ಲೀನ್ (ಇಂಧನ ಸಾಲದ ಮಿಶ್ರಣ) ಆಗುತ್ತದೆ, ಬೆಳಿಗ್ಗೆ ಸ್ಟಾರ್ಟೇ ಆಗುವುದಿಲ್ಲ. ಇಂಜೆಕ್ಟರ್‌ನ ತಪ್ಪು, ಸೆನ್ಸರ್‌ನ ತಪ್ಪು, ಪ್ರೆಶರ್‌ನ ತಪ್ಪು ಎಲ್ಲವನ್ನೂ ಒಂದೇ ಟೇಬಲ್‌ನಲ್ಲಿ ಮುಚ್ಚಿಟ್ಟರೆ ಹೀಗಾಗುವುದು ಸಹಜ. ವಿಇ ಟೇಬಲ್ ಹೇಳಬೇಕಾದದ್ದು ಒಂದೇ ವಿಷಯ: ಆ ಆರ್‌ಪಿಎಂನಲ್ಲಿ, ಆ ಲೋಡ್‌ನಲ್ಲಿ ಎಂಜಿನ್ ಎಷ್ಟು ಗಾಳಿ ಎಳೆದುಕೊಳ್ಳುತ್ತದೆ ಎಂಬುದು. ಉಳಿದ ಪ್ರತಿಯೊಂದಕ್ಕೂ ಇಸಿಯುನಲ್ಲಿ ಅದರದೇ ಜಾಗವಿದೆ.

ಇಸಿಯು ಮಾಡುವ ಲೆಕ್ಕ

ಸ್ಪೀಡ್ ಡೆನ್ಸಿಟಿ ಪದ್ಧತಿಯಲ್ಲಿ ಇಸಿಯು ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಮ್ಯಾನಿಫೋಲ್ಡ್ ಒತ್ತಡ, ಗಾಳಿಯ ತಾಪ, ಸಿಲಿಂಡರ್ ಗಾತ್ರ, ವಿಇ ಈ ನಾಲ್ಕರಿಂದ ಊಹಿಸುತ್ತದೆ. ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ ನೋಡಿದರೆ ಸಾಫ್ಟ್‌ವೇರ್‌ನಲ್ಲಿ ಕಾಣುವ ಅಂಕಿಗಳಿಗೆ ಅರ್ಥ ಬರುತ್ತದೆ.

2000 ಸಿಸಿ, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲದ ಎಂಜಿನ್ ತೆಗೆದುಕೊಳ್ಳಿ. ಒಂದು ಸಿಲಿಂಡರ್ 500 ಸಿಸಿ. 100 ಕಿಲೋಪ್ಯಾಸ್ಕಲ್, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 1.19 ಗ್ರಾಂ. ವಿಇ 90% ಎಂದರೆ ಸಿಲಿಂಡರ್ ಒಳಗೆ 0.535 ಗ್ರಾಂ ಗಾಳಿ. ಲ್ಯಾಂಬ್ಡಾ ಎಂದರೆ ಇರುವ ಗಾಳಿ-ಇಂಧನ ಅನುಪಾತವನ್ನು ಸಮತೂಕದ ಅನುಪಾತದಿಂದ ಭಾಗಿಸಿದ ಅಂಕಿ; 1ಕ್ಕಿಂತ ಕಡಿಮೆಯಾದರೆ ಇಂಧನ ಹೆಚ್ಚು, ಅದೇ ರಿಚ್. ಗುರಿ ಲ್ಯಾಂಬ್ಡಾ 0.88, ಅಂದರೆ ಪೆಟ್ರೋಲ್‌ಗೆ 12.9 ಪಾಲು ಗಾಳಿಗೆ ಒಂದು ಪಾಲು ಇಂಧನ; ಬೇಕಾದದ್ದು 0.041 ಗ್ರಾಂ. 440 ಸಿಸಿ ಇಂಜೆಕ್ಟರ್ ನಿಮಿಷಕ್ಕೆ 440 ಸಿಸಿ, ಪೆಟ್ರೋಲ್ ಸಾಂದ್ರತೆ 0.74 ಎಂದು ಹಿಡಿದರೆ ಸೆಕೆಂಡಿಗೆ 5.4 ಗ್ರಾಂ ಬಿಡುತ್ತದೆ. ಹಾಗಾಗಿ 7.6 ಮಿಲಿಸೆಕೆಂಡ್ ತೆರೆದಿರಬೇಕು. ತೆರೆದುಕೊಳ್ಳಲು ಹಿಡಿಯುವ ಡೆಡ್ ಟೈಮ್ ಸುಮಾರು 1 ಮಿಲಿಸೆಕೆಂಡ್ ಸೇರಿಸಿ, 8.6. ಇಂಜೆಕ್ಟರ್‌ಗೆ ಸಿಗುವ ಸಮಯ ಕ್ರ್ಯಾಂಕ್‌ನ ಎರಡು ಸುತ್ತು; 7000 ಆರ್‌ಪಿಎಂನಲ್ಲಿ ಅದು 17.1 ಮಿಲಿಸೆಕೆಂಡ್. ಡ್ಯೂಟಿ (ಸಿಗುವ ಸಮಯದಲ್ಲಿ ಇಂಜೆಕ್ಟರ್ ಕೆಲಸ ಮಾಡುವ ಪಾಲು) 50%, ನಿಶ್ಚಿಂತೆ.

ಇದೇ ಎಂಜಿನ್‌ಗೆ ಟರ್ಬೊ ಕೂರಿಸಿ ಮ್ಯಾನಿಫೋಲ್ಡ್ ಒತ್ತಡ 200 ಕಿಲೋಪ್ಯಾಸ್ಕಲ್, ಇಂಟರ್‌ಕೂಲರ್ ದಾಟಿದ ಗಾಳಿ 50 ಡಿಗ್ರಿ, ಗುರಿ 0.80 ಎಂದಿಟ್ಟುಕೊಳ್ಳಿ. ಈಗ 15.2 ಮಿಲಿಸೆಕೆಂಡ್ ಬೇಕು, ಡೆಡ್ ಟೈಮ್ ಸೇರಿ 16.2. ಡ್ಯೂಟಿ 94%. ಸಾಮಾನ್ಯವಾಗಿ 85% ದಾಟಬಾರದು. ಅದರಾಚೆ ಇಂಜೆಕ್ಟರ್ ಪೂರ್ತಿ ಮುಚ್ಚುವ ಮೊದಲೇ ಮುಂದಿನ ಪಲ್ಸ್ ಬರುತ್ತದೆ, ಹರಿವು ಇಸಿಯು ಲೆಕ್ಕಕ್ಕೆ ಸಿಗುವುದಿಲ್ಲ. ಟೇಬಲ್‌ನಲ್ಲಿ ಅಂಕಿ ಎಷ್ಟು ಏರಿಸಿದರೂ ಇದು ಸರಿಹೋಗದು. 650 ಸಿಸಿ ಇಂಜೆಕ್ಟರ್ ಹಾಕಿದರೆ ಡ್ಯೂಟಿ 66%ಕ್ಕೆ ಇಳಿಯುತ್ತದೆ.

ಬೂಸ್ಟ್ (ಟರ್ಬೊ ಸೇರಿಸುವ ಒತ್ತಡ) ಬಂದಾಗ ವಿಇ ದುಪ್ಪಟ್ಟಾಗಬೇಕು ಎಂದುಕೊಳ್ಳುವವರು ಬಹಳ. ಒತ್ತಡ ಲೆಕ್ಕದಲ್ಲಿ ಈಗಾಗಲೇ ಇದೆ. 100 ಕಿಲೋಪ್ಯಾಸ್ಕಲ್ ಸಾಲಿನಲ್ಲಿ 90 ಇದ್ದರೆ 200ರ ಸಾಲಿನಲ್ಲೂ ಅದರ ಆಸುಪಾಸೇ ಇರಬೇಕು. ಅಲ್ಲಿ 150 ಬಂದಿದ್ದರೆ ಎಲ್ಲೋ ಬೇರೆ ಕಡೆ ಎಡವಟ್ಟಾಗಿದೆ.

ಮೊದಲು ಸರಿಯಾಗಬೇಕಾದವು

ಡೆಡ್ ಟೈಮ್‌ನಿಂದಲೇ ಶುರು ಮಾಡಿ, ಏಕೆಂದರೆ ಅತಿ ಹೆಚ್ಚು ಗೋಳು ಹುಯ್ದುಕೊಳ್ಳುವುದು ಇದೇ. ಬ್ಯಾಟರಿ ವೋಲ್ಟೇಜ್ ಇಳಿದಂತೆ ಇಂಜೆಕ್ಟರ್ ತೆರೆಯುವುದು ನಿಧಾನವಾಗುತ್ತದೆ. 14 ವೋಲ್ಟ್‌ನಲ್ಲಿ 1 ಮಿಲಿಸೆಕೆಂಡ್ ಇದ್ದದ್ದು 10 ವೋಲ್ಟ್‌ನಲ್ಲಿ ಒಂದೂವರೆ ದಾಟಬಹುದು. ಇಂಜೆಕ್ಟರ್ ತಯಾರಕರು ಕೊಡುವ ವೋಲ್ಟೇಜ್ ಪಟ್ಟಿಯನ್ನೇ ಹಾಕಿ, ಪಕ್ಕದ ಕಾರಿನ ಫೈಲ್‌ನಿಂದ ಎತ್ತಬೇಡಿ. 0.2 ಮಿಲಿಸೆಕೆಂಡ್ ತಪ್ಪು 10 ಮಿಲಿಸೆಕೆಂಡ್ ಪಲ್ಸ್‌ನಲ್ಲಿ 2% ಮಾತ್ರ, ಐಡಲ್‌ನ 2 ಮಿಲಿಸೆಕೆಂಡ್ ಪಲ್ಸ್‌ನಲ್ಲಿ 10%. ಫುಲ್ ಥ್ರಾಟಲ್ ಚೆನ್ನಾಗಿದ್ದು ಐಡಲ್ ಮಾತ್ರ ಹಟ ಹಿಡಿದರೆ ಮೊದಲ ಅನುಮಾನ ಇಲ್ಲಿಗೇ ಹೋಗಲಿ. ಪರೀಕ್ಷೆ ಸುಲಭ: ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಹೆಡ್‌ಲೈಟ್, ಫ್ಯಾನ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿ ವೋಲ್ಟೇಜ್ ಇಳಿಸಿ. ಲ್ಯಾಂಬ್ಡಾ ಕದಲಬಾರದು.

ಇಂಧನ ಒತ್ತಡಕ್ಕೆ ಗೇಜ್ ಹಾಕಿಯೇ ನೋಡಬೇಕು. ರೆಗ್ಯುಲೇಟರ್‌ನ ವ್ಯಾಕ್ಯೂಮ್ ಹೋಸ್ ಕಳಚಿದಾಗ 3 ಬಾರ್ ಇದ್ದರೆ, ಹೋಸ್ ಜೋಡಿಸಿ 1 ಬಾರ್ ಬೂಸ್ಟ್ ಕೊಟ್ಟಾಗ ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ರೈಲ್‌ನಲ್ಲಿ 4 ಬಾರ್ ಕಾಣಬೇಕು. 3.4ಕ್ಕೇ ನಿಂತರೆ ಪಂಪ್ ಸೋತಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ, ಇಲ್ಲವೇ ಪಂಪ್‌ಗೆ ಹೋಗುವ ತಂತಿ ತೆಳುವಾಗಿ ವೋಲ್ಟೇಜ್ ನುಂಗುತ್ತಿದೆ. ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. ಬೇಸ್ ಪ್ರೆಶರ್ 3ರಿಂದ 4 ಬಾರ್‌ಗೆ ಏರಿಸಿದರೆ 440 ಸಿಸಿ ಇಂಜೆಕ್ಟರ್ ಸುಮಾರು 508 ಆಗುತ್ತದೆ. ಆ ಅಂಕಿಯನ್ನು ಇಂಜೆಕ್ಟರ್ ಸೆಟ್ಟಿಂಗ್‌ನಲ್ಲೇ ಬದಲಿಸಿ.

ಸೆನ್ಸರ್‌ಗಳನ್ನು ಎಂಜಿನ್ ರಾತ್ರಿಯಿಡೀ ತಣ್ಣಗಾದ ಮೇಲೆ ಕೀ ಆನ್ ಮಾಡಿ ನೋಡಿ. ಕೂಲೆಂಟ್ ತಾಪ, ಗಾಳಿಯ ತಾಪ ಎರಡೂ ಒಂದೇ ತೋರಿಸಬೇಕು, ಮ್ಯಾಪ್ (ಮ್ಯಾನಿಫೋಲ್ಡ್ ಒತ್ತಡದ) ಸೆನ್ಸರ್ ಸ್ಥಳದ ವಾಯುಭಾರವನ್ನು ತೋರಿಸಬೇಕು. ಥ್ರಾಟಲ್ ಸೆನ್ಸರ್ ಅನ್ನು 0, 100ಕ್ಕೆ ಕೂರಿಸುವಾಗ ಬೆರಳಿನಿಂದ ಅಲ್ಲ, ಪೆಡಲ್ ಒತ್ತಿಯೇ ಕೂರಿಸಿ. ಕೇಬಲ್ ಸಡಿಲವಿದ್ದರೆ ಪೂರ್ತಿ ತೆರೆಯದಿರುವುದು ಆಗಲೇ ಗೊತ್ತಾಗುತ್ತದೆ.

ಆಮೇಲೆ ಬೇಸ್ ಟೈಮಿಂಗ್, ಅಂದರೆ ಇಸಿಯು ಹೇಳುವ ಕೋನದಲ್ಲೇ ಕಿಡಿ ಹಾರುತ್ತಿದೆಯೇ ಎಂಬ ಪರೀಕ್ಷೆ. ಇಸಿಯುನಲ್ಲಿ ಇಗ್ನಿಷನ್ ಅನ್ನು 10 ಡಿಗ್ರಿಗೆ ಲಾಕ್ ಮಾಡಿ, ಟೈಮಿಂಗ್ ಲೈಟ್ ಹಿಡಿದು ಪುಲ್ಲಿ ಗುರುತು 10ರಲ್ಲಿ ನಿಲ್ಲುವವರೆಗೆ ಟ್ರಿಗರ್ ಆಫ್‌ಸೆಟ್ (ಕ್ರ್ಯಾಂಕ್ ಸೆನ್ಸರ್‌ನ ಸಂಕೇತಕ್ಕೂ ಪಿಸ್ಟನ್ ಸ್ಥಾನಕ್ಕೂ ಇರುವ ಕೋನದ ಅಂತರ) ತಿದ್ದಿ. 4000 ಆರ್‌ಪಿಎಂಗೆ ಏರಿಸಿದಾಗಲೂ ಗುರುತು ಅಲ್ಲೇ ನಿಲ್ಲಬೇಕು. ಜಾರಿದರೆ ಟ್ರಿಗರ್ ಅಂಚಿನ ಆಯ್ಕೆ ತಪ್ಪಾಗಿರಬಹುದು, ಮ್ಯಾಗ್ನೆಟಿಕ್ ಸೆನ್ಸರ್‌ನ ಎರಡು ತಂತಿ ಅದಲು ಬದಲಾಗಿರಬಹುದು. ವೇಸ್ಟೆಡ್ ಸ್ಪಾರ್ಕ್ ಕಾಯಿಲ್ (ಒಂದು ಚಕ್ರದಲ್ಲಿ ಎರಡು ಬಾರಿ ಕಿಡಿ ಕೊಡುವುದು) ಇದ್ದರೆ ಡಯಲ್ ಇರುವ ಟೈಮಿಂಗ್ ಲೈಟ್‌ನ ಅಂಕಿ ನಂಬಬೇಡಿ. ಅದನ್ನು ಸೊನ್ನೆಯಲ್ಲಿಟ್ಟು ಪುಲ್ಲಿಯ ಗುರುತನ್ನೇ ಓದಿ. ಪರದೆಯಲ್ಲಿ 20 ಡಿಗ್ರಿ ಕಾಣುತ್ತಾ ಎಂಜಿನ್‌ನಲ್ಲಿ 28 ನಡೆಯುತ್ತಿದ್ದರೆ ಪಿಸ್ಟನ್ ಹೋಗಲು ಒಂದೇ ಪುಲ್ (ಫುಲ್ ಥ್ರಾಟಲ್ ಓಟ) ಸಾಕು. ಲಾಕ್ ಬಿಚ್ಚಲು ಮಾತ್ರ ಮರೆಯಬೇಡಿ.

ವೈಡ್‌ಬ್ಯಾಂಡ್ ಅನ್ನು ಎಷ್ಟು ನಂಬಬೇಕು

ವೈಡ್‌ಬ್ಯಾಂಡ್ ಎಂದರೆ ಎಕ್ಸಾಸ್ಟ್‌ನಲ್ಲಿ ಕೂತು ಲ್ಯಾಂಬ್ಡಾ ತೋರಿಸುವ ಸೆನ್ಸರ್. ಎಎಫ್‌ಆರ್ (ಗಾಳಿ-ಇಂಧನ ಅನುಪಾತ) ಬದಲು ಲ್ಯಾಂಬ್ಡಾದಲ್ಲೇ ಯೋಚಿಸುವ ಅಭ್ಯಾಸ ಮಾಡಿಕೊಳ್ಳಿ. ಶುದ್ಧ ಪೆಟ್ರೋಲ್‌ಗೆ ಸಮತೂಕದ ಮಿಶ್ರಣ 14.7, ಎಥನಾಲ್‌ಗೆ ಸುಮಾರು 9. ಆದರೆ ಲ್ಯಾಂಬ್ಡಾ 1 ಎಲ್ಲಕ್ಕೂ 1. ಟರ್ಬೊ ಇದ್ದರೆ ಸೆನ್ಸರ್ ಟರ್ಬೈನ್ ನಂತರ ಇರಲಿ, ಪೈಪ್‌ನ ಮೇಲ್ಭಾಗದಲ್ಲಿ, ಗಡಿಯಾರದ 10ರಿಂದ 2ರ ನಡುವೆ. ಕೆಳಗಿದ್ದರೆ ನೀರಿನ ಹನಿ ಬಿದ್ದು ಒಳಗಿನ ಸೆರಾಮಿಕ್ ಸೀಳುತ್ತದೆ.

ಅದು ಅಳೆಯುವುದು ಇಂಧನವನ್ನಲ್ಲ, ಎಕ್ಸಾಸ್ಟ್‌ನಲ್ಲಿ ಉಳಿದ ಆಮ್ಲಜನಕವನ್ನು. ಆದ್ದರಿಂದ ಸೆನ್ಸರ್‌ಗೂ ಮುಂಚೆ ಎಕ್ಸಾಸ್ಟ್ ಲೀಕ್ ಇದ್ದರೆ ಲೀನ್ ತೋರಿಸುತ್ತದೆ. ಮಿಸ್‌ಫೈರ್ ಆದರೂ ಲೀನ್ ತೋರಿಸುತ್ತದೆ, ಉರಿಯದ ಆಮ್ಲಜನಕ ಹಾಗೇ ಹೊರಬರುವುದರಿಂದ. ಹೆಚ್ಚು ಬೂಸ್ಟ್‌ನಲ್ಲಿ ಕಿಡಿ ಆರಿಹೋಗುತ್ತದೆ, ಗೇಜ್ ಲೀನ್ ಎನ್ನುತ್ತದೆ, ಕಲಿಯುವವರು ಇಂಧನ ಸುರಿಯುತ್ತಾರೆ, ಕಿಡಿ ಇನ್ನಷ್ಟು ಆರುತ್ತದೆ. ಗಾಡಿ ಮುಗ್ಗರಿಸುತ್ತಾ ಗೇಜ್ ಒಮ್ಮೆಲೇ ಲೀನ್‌ಗೆ ಜಿಗಿದರೆ ಮೊದಲು ಪ್ಲಗ್ ಗ್ಯಾಪ್ ಅನ್ನು 0.7 ಮಿಲಿಮೀಟರ್ ಹತ್ತಿರಕ್ಕೆ ಇಳಿಸಿ, ಕಾಯಿಲ್‌ನ ಡ್ವೆಲ್ (ಚಾರ್ಜ್ ಆಗುವ ಸಮಯ) ನೋಡಿ.

ವಿಇ ತುಂಬುವುದು

ಕೂಲೆಂಟ್ 80 ಡಿಗ್ರಿ ದಾಟಿರಲಿ. ಕ್ಲೋಸ್ಡ್ ಲೂಪ್ ತಿದ್ದುಪಡಿ (ಸೆನ್ಸರ್ ನೋಡಿ ಇಸಿಯು ತಾನೇ ಮಾಡುವುದು), ಆ್ಯಕ್ಸಿಲರೇಷನ್ ಇಂಧನ, ಥ್ರಾಟಲ್ ಬಿಟ್ಟಾಗ ಇಂಧನ ಕಡಿಯುವುದು ಮೂರನ್ನೂ ಆಫ್ ಮಾಡಿ. ಇಲ್ಲದಿದ್ದರೆ ಯಾರು ಏನು ಸೇರಿಸಿದರೆಂದೇ ಗೊತ್ತಾಗದು. ಡೈನೊದಲ್ಲಿ (ಲೋಡ್ ಕೊಟ್ಟು ಟಾರ್ಕ್ ಅಳೆಯುವ ಯಂತ್ರ) 2500 ಆರ್‌ಪಿಎಂಗೆ ಹಿಡಿದು ಥ್ರಾಟಲ್‌ನಿಂದ 40, 60, 80 ಕಿಲೋಪ್ಯಾಸ್ಕಲ್ ಹೀಗೆ ಒಂದೊಂದೇ ಕೋಶದ ನಡುಮಧ್ಯಕ್ಕೆ ಬನ್ನಿ, ಓದು ಸ್ಥಿರವಾಗುವವರೆಗೆ ನಿಲ್ಲಿ. ಎಕ್ಸಾಸ್ಟ್ ಅನಿಲವು ಸೆನ್ಸರ್ ಮುಟ್ಟಲು ಸಮಯ ಹಿಡಿಯುವುದರಿಂದ ಓಡುತ್ತಾ ತಿದ್ದಿದರೆ ಪಕ್ಕದ ಕೋಶ ಕೆಡುತ್ತದೆ.

ತಿದ್ದುವ ಸೂತ್ರ ಇಷ್ಟೇ: ಹಳೆಯ ವಿಇಯನ್ನು ಅಳೆದ ಲ್ಯಾಂಬ್ಡಾದಿಂದ ಗುಣಿಸಿ ಗುರಿ ಲ್ಯಾಂಬ್ಡಾದಿಂದ ಭಾಗಿಸಿ. 62 ಇದ್ದಾಗ ಗುರಿ 0.88, ಅಳತೆ 0.94 ಬಂದರೆ ಹೊಸದು 66.2. ಫುಲ್ ಥ್ರಾಟಲ್‌ನಲ್ಲಿ ಟರ್ಬೊ ಇಲ್ಲದ ಎಂಜಿನ್‌ಗೆ 0.86ರಿಂದ 0.90, ಟರ್ಬೊಗೆ 0.78ರಿಂದ 0.82 ಸಾಮಾನ್ಯ ಗುರಿ. ಹೆಚ್ಚು ಲೋಡ್‌ನ ಕೋಶಗಳಿಗೆ ರಿಚ್ ಕಡೆಯಿಂದಲೇ ಬನ್ನಿ. ಕೊನೆಗೆ ಟೇಬಲ್ ಅನ್ನು ಮೂರು ಆಯಾಮದ ನೋಟದಲ್ಲಿ ನೋಡಿ: ಗುಡ್ಡದಂತೆ ನಯವಾಗಿ ಏರಿಳಿಯಬೇಕು, ಅತಿ ಎತ್ತರ ಟಾರ್ಕ್ ಗರಿಷ್ಠವಾಗುವ ಆರ್‌ಪಿಎಂ ಸುತ್ತ ಬರಬೇಕು. ನಡುವೆ ಒಂದೇ ಕೋಶದಲ್ಲಿ ಹಳ್ಳ ಬಿದ್ದಿದ್ದರೆ ಅದು ಎಂಜಿನ್‌ನ ಗುಣವಲ್ಲ, ಕೆಟ್ಟ ಲಾಗ್.

ಇಗ್ನಿಷನ್

ಇಂಧನ ಗುರಿಯಲ್ಲಿ ನಿಂತ ಮೇಲಷ್ಟೇ ಇದು. ಒಂದೇ ಪುಲ್‌ನಲ್ಲಿ ಎರಡನ್ನೂ ಬದಲಿಸಬೇಡಿ. ಕಡಿಮೆ ಟೈಮಿಂಗ್‌ನಿಂದ ಶುರು ಮಾಡಿ ಎರಡೆರಡು ಡಿಗ್ರಿ ಏರಿಸುತ್ತಾ ಟಾರ್ಕ್ ನೋಡಿ. ಟಾರ್ಕ್ ಏರಿಕೆ ನಿಂತಲ್ಲಿ ನೀವೂ ನಿಲ್ಲಿ. ಟರ್ಬೊ ಎಂಜಿನ್‌ನಲ್ಲಿ ಅಷ್ಟು ದೂರ ಹೋಗುವ ಮೊದಲೇ ನಾಕ್ (ಮಿಶ್ರಣ ತಾನಾಗಿ ಸಿಡಿಯುವುದು) ಬರುತ್ತದೆ. ನಾಕ್ ಕೇಳಿದ ಜಾಗದಿಂದ 2–3 ಡಿಗ್ರಿ ಹಿಂದೆ ಬನ್ನಿ. ನಾಕ್‌ನ ಮೂಲ ಆವರ್ತನ ಅಂದಾಜಿಸಲು 1800 ಅನ್ನು 3.14 ಮತ್ತು ಬೋರ್‌ನ (ಸಿಲಿಂಡರ್ ವ್ಯಾಸ) ಮಿಲಿಮೀಟರ್‌ಗಳ ಗುಣಲಬ್ಧದಿಂದ ಭಾಗಿಸಿ: 86 ಮಿಲಿಮೀಟರ್ ಬೋರ್‌ಗೆ ಸುಮಾರು 6.7 ಕಿಲೋಹರ್ಟ್ಸ್. ನಾಕ್ ಸೆನ್ಸರ್ ಫಿಲ್ಟರ್ ಅನ್ನು ಅಲ್ಲಿಗೆ ಕೂರಿಸಿ, ಜೊತೆಗೆ ಹೆಡ್‌ಫೋನ್‌ನಲ್ಲೂ ಕೇಳಿ. ವಾಲ್ವ್ ಸದ್ದನ್ನು ನಾಕ್ ಎಂದುಕೊಳ್ಳುವುದು ತಪ್ಪುತ್ತದೆ. ಟೈಮಿಂಗ್ ವಿಪರೀತ ಇಳಿಸುವುದೂ ಸುರಕ್ಷಿತವಲ್ಲ. ಉರಿಯುವುದು ತಡವಾಗಿ ಎಕ್ಸಾಸ್ಟ್ ತಾಪ ಏರುತ್ತದೆ, ಟರ್ಬೈನ್ ಬೇಯುತ್ತದೆ.

ಕೊನೆಗೆ ಉಳಿಯುವವು

ಈಗ ಆಫ್ ಮಾಡಿದ್ದನ್ನು ಒಂದೊಂದಾಗಿ ಮರಳಿ ಆನ್ ಮಾಡಿ. ಥ್ರಾಟಲ್ ಥಟ್ಟನೆ ಒತ್ತಿದಾಗ ಲೀನ್ ಮುಳ್ಳು ಕಂಡು ಎಂಜಿನ್ ತೊದಲಿದರೆ ಆ್ಯಕ್ಸಿಲರೇಷನ್ ಇಂಧನ ಸಾಲದು; ಕಪ್ಪು ಹೊಗೆ ಬಂದು ಮಂಕಾದರೆ ಹೆಚ್ಚು. ತಣ್ಣನೆಯ ಇನ್‌ಟೇಕ್ ಗೋಡೆಗೆ ಇಂಧನ ಹೆಚ್ಚು ಅಂಟುವುದರಿಂದ ಕೂಲೆಂಟ್ ತಾಪಕ್ಕೆ ತಕ್ಕ ಗುಣಕವೂ ಬೇಕು.

ತಣ್ಣನೆಯ ಸ್ಟಾರ್ಟ್‌ಗೆ ದಿನಕ್ಕೆ ಒಂದೇ ಅವಕಾಶ. ಹೊತ್ತಿಕೊಂಡು ಮೂರು ಸೆಕೆಂಡಿನಲ್ಲಿ ಸತ್ತರೆ ಸ್ಟಾರ್ಟ್ ನಂತರದ ಹೆಚ್ಚುವರಿ ಇಂಧನ ಕಡಿಮೆ. ಅರ್ಧ ನಿಮಿಷ ಚೆನ್ನಾಗಿ ಓಡಿ ಆಮೇಲೆ ಅಲುಗಾಡಿದರೆ ವಾರ್ಮ್‌ಅಪ್ ಟೇಬಲ್ ಕಡಿಮೆ. ಹೊತ್ತಿಕೊಳ್ಳಲೇ ಇಲ್ಲವೆಂದರೆ ಒಂದು ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಕ್ರ್ಯಾಂಕಿಂಗ್ ಪಲ್ಸ್ ಏರಿಸಿ. ಒದ್ದೆಯಿದ್ದರೆ ಇಳಿಸಿ, ಫ್ಲಡ್ ಕ್ಲಿಯರ್ ಸೌಲಭ್ಯ ಆನ್ ಇದೆಯೇ ನೋಡಿಕೊಂಡು ಪೆಡಲ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಿ. ಆಗ ಇಂಜೆಕ್ಟರ್ ಮುಚ್ಚಿಯೇ ಇದ್ದು ಸಿಲಿಂಡರ್ ಒಣಗುತ್ತದೆ.