ಸಸಿಗೆ ಮೊದಲು ಗಾಳಿ, ಆಮೇಲೆ ಗೊಬ್ಬರ

ಟೊಮೆಟೊ ಬೀಜ ಬಿತ್ತಿದ ಆರೇಳು ದಿನಕ್ಕೆ ಮೊಳೆಯುತ್ತದೆ, ಮೆಣಸಿನಕಾಯಿಗೆ ಹತ್ತು ಹನ್ನೆರಡು ದಿನ ಹಿಡಿಯುತ್ತದೆ. ಬೆಂಗಳೂರಿನ ತಾರಸಿಗಳಲ್ಲಿ ಅಲ್ಲಿಯವರೆಗೆ ಸಾಮಾನ್ಯವಾಗಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ತೊಂದರೆ ಶುರುವಾಗುವುದು ಅದರ ಮುಂದಿನ ವಾರ. ಬೀಜದೆಲೆ ಬಿಚ್ಚಿಕೊಂಡ ಸಸಿ ಅಲ್ಲೇ ನಿಂತುಬಿಡುತ್ತದೆ, ಎಲೆ ಬಿಳಚಿಕೊಳ್ಳುತ್ತದೆ, ಕೆಲವು ಬುಡದಲ್ಲೇ ಬಳುಕಿ ಮಲಗುತ್ತವೆ. ಆಗ ಕೈ ಮೊದಲು ಹೋಗುವುದು ಗೊಬ್ಬರದ ಡಬ್ಬಕ್ಕೆ. ಬಹಳ ಸಲ ಆ ಗೊಬ್ಬರವೇ ಸಸಿಯನ್ನು ಮುಗಿಸುತ್ತದೆ. ಆ ಹೊತ್ತಿಗೆ ಸಸಿಗೆ ಕೊರತೆ ಬಿದ್ದಿರುವುದು ಬೇರಿನ ಸುತ್ತಲಿನ ಗಾಳಿ.

ಟೊಮೆಟೊ ಬೀಜದ ತೂಕ ಸುಮಾರು 3 ಮಿಲಿಗ್ರಾಂ. ಅಷ್ಟರೊಳಗೇ ಮೊದಲ ಬೇರು ಇಳಿಯಲು, ಬೀಜದೆಲೆ ಬಿಚ್ಚಲು ಬೇಕಾದ ಆಹಾರ, ಲವಣಾಂಶ ಎಲ್ಲವೂ ಇರುತ್ತವೆ. ಮೊದಲ ನಿಜವಾದ ಎಲೆ, ಅಂದರೆ ಅಂಚು ಸೀಳಿದ ಆ ಪುಟ್ಟ ಎಲೆ ಕಾಣಿಸುವವರೆಗೆ ಹೊರಗಿನ ಗೊಬ್ಬರದ ಅಗತ್ಯ ಇಲ್ಲವೆಂದೇ ಹೇಳಬಹುದು. ಉಸಿರಾಟ ಮಾತ್ರ ಮೊದಲ ದಿನದಿಂದಲೇ ಬೇಕು. ಬೇರು ಆಮ್ಲಜನಕ ಬಳಸಿಕೊಂಡೇ ಬೆಳೆಯುತ್ತದೆ, ನೀರು ಲವಣ ಹೀರಿಕೊಳ್ಳುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನ ರಂಧ್ರಗಳೆಲ್ಲ ನೀರಿನಿಂದ ತುಂಬಿಹೋದರೆ ಎಷ್ಟೇ ಸಾರವತ್ತಾದ ಮಣ್ಣಾದರೂ ಬೇರು ಉಸಿರುಗಟ್ಟುತ್ತದೆ.

ಇಲ್ಲಿ ಪಾತ್ರೆಯ ಆಳ ದೊಡ್ಡ ವಿಷಯ. ನೀರು ಹಾಕಿ, ಸೋರುವುದೆಲ್ಲ ಸೋರಿದ ಮೇಲೂ ಯಾವುದೇ ಕುಂಡದ ತಳದಲ್ಲಿ ಪೂರ್ತಿ ನೆನೆದ ಒಂದು ಪದರ ಉಳಿದುಕೊಳ್ಳುತ್ತದೆ. ಆ ಪದರದ ಎತ್ತರವನ್ನು ನಿರ್ಧರಿಸುವುದು ಮಣ್ಣಿನ ಕಣಗಳ ಗಾತ್ರ. ಕುಂಡ ಎಷ್ಟು ಆಳ ಎಂಬುದು ಅದಕ್ಕೆ ಸಂಬಂಧವಿಲ್ಲ. ಒಂದು ಅಡಿ ಆಳದ ಕುಂಡದಲ್ಲಿ ಎರಡು ಮೂರು ಸೆಂಟಿಮೀಟರ್ ನೆನೆದ ಪದರ ಲೆಕ್ಕಕ್ಕಿಲ್ಲ. ನರ್ಸರಿಗಳಲ್ಲಿ ಬಳಸುವ 98 ಗುಳಿಗಳ ಟ್ರೇಯಲ್ಲಿ ಗುಳಿಯ ಆಳವೇ ನಾಲ್ಕು ಸೆಂಟಿಮೀಟರ್ ಆಸುಪಾಸು, ಅಲ್ಲಿ ಅದೇ ಪದರ ಅರ್ಧಕ್ಕಿಂತ ಹೆಚ್ಚು ಜಾಗ ನುಂಗಿಬಿಡುತ್ತದೆ.

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಪಾತ್ರೆ ತೊಳೆಯುವ ಸ್ಪಂಜನ್ನು ಪೂರ್ತಿ ನೆನೆಸಿ, ಅಂಗೈ ಮೇಲೆ ಮಟ್ಟವಾಗಿ ಹಿಡಿಯಿರಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ: ಮತ್ತೆ ನೀರು ಸೋರತೊಡಗುತ್ತದೆ. ಸ್ಪಂಜು ಅದೇ, ಎತ್ತರ ಬದಲಾಯಿತು ಅಷ್ಟೇ. ಕುಂಡದ ತಳಕ್ಕೆ ಜಲ್ಲಿ, ಹೆಂಚಿನ ಚೂರು ಹಾಕುವ ರೂಢಿಯೂ ಈ ಕಾರಣಕ್ಕೇ ಕೆಲಸ ಮಾಡುವುದಿಲ್ಲ. ಸಣ್ಣ ಕಣಗಳ ಮಣ್ಣಿನಿಂದ ದೊಡ್ಡ ರಂಧ್ರಗಳ ಜಲ್ಲಿಗೆ ನೀರು ಇಳಿಯಬೇಕಾದರೆ ಮೇಲಿನ ಮಣ್ಣು ಮೊದಲು ಪೂರ್ತಿ ನೆನೆದಿರಬೇಕು. ಹೀಗಾಗಿ ಜಲ್ಲಿ ನೆನೆದ ಪದರವನ್ನು ಇನ್ನಷ್ಟು ಮೇಲಕ್ಕೆ, ಬೇರಿನ ಹತ್ತಿರಕ್ಕೆ ತಳ್ಳುತ್ತದೆ. ತೂತು ಮುಚ್ಚದಂತೆ ಒಂದು ತುಂಡು ನೆಟ್ ಬಟ್ಟೆ ಹಾಕಿದರೆ ಸಾಕು.

ಬೆಂಗಳೂರಿನ ಕೆಮ್ಮಣ್ಣು ಕೆಟ್ಟ ಮಣ್ಣೇನಲ್ಲ, ಟ್ರೇಗೆ ಮಾತ್ರ ಒಗ್ಗುವುದಿಲ್ಲ. ಗ್ರಾನೈಟ್ ಜಾತಿಯ ಬಂಡೆ ಸವೆದು ಆದ ಮಣ್ಣು ಇದು, ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಸಾವಯವ ಅಂಶ ಕಡಿಮೆ, ಒಣಗಿದರೆ ಮೇಲೆ ಹೆಪ್ಪುಗಟ್ಟುತ್ತದೆ. ಕಬ್ಬಿಣದ ಆಕ್ಸೈಡು ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಮೂಳೆಪುಡಿ ಹಾಕಿದರೂ ಎಳೆ ಬೇರಿಗೆ ಸಿಗುವುದು ಅಲ್ಪ. ಚೆನ್ನಾಗಿ ಕಳಿತ ಕಾಂಪೋಸ್ಟಿನ ಜೊತೆ ಬೆರೆತಾಗ ಈ ಹಿಡಿತ ಸಡಿಲವಾಗುತ್ತದೆ, ಏಕೆಂದರೆ ರಂಜಕ ಕೂರುವ ಜಾಗಗಳಲ್ಲಿ ಸಾವಯವ ಆಮ್ಲಗಳು ಬಂದು ಕೂರುತ್ತವೆ. ಚೀಲದಲ್ಲಿ ಕೊಳ್ಳುವ ಕೆಮ್ಮಣ್ಣನ್ನು ನೋಡಿಯೇ ತೆಗೆದುಕೊಳ್ಳಬೇಕು. ಮನೆ ಕಟ್ಟಲು ಪಾಯ ತೋಡಿದಾಗ ಬಂದ ಒಳಮಣ್ಣಿನಲ್ಲಿ ಜೀವವೂ ಇರುವುದಿಲ್ಲ, ಸಾರವೂ ಇರುವುದಿಲ್ಲ, ಜೊತೆಗೆ ಸಿಮೆಂಟಿನ ಚೂರು ಸೇರಿರಬಹುದು. ಒಂದು ಚಮಚ ಮಣ್ಣಿಗೆ ವಿನೆಗರ್ ಬಿಟ್ಟು ನೋಡಿ. ಬುರುಬುರು ನೊರೆ ಎದ್ದರೆ ಸುಣ್ಣದ ಅಂಶ ಇದೆ ಎಂದರ್ಥ, ಅದನ್ನು ಸಸಿಗೆ ಬಳಸಬೇಡಿ.

ಟ್ರೇಗೆ ನಂಬಬಹುದಾದ ಮಿಶ್ರಣ ಹೀಗಿರಲಿ. ಹತ್ತು ಲೀಟರ್ ಬೇಕಾದರೆ ತೊಳೆದ ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ) ಆರು ಲೀಟರ್, ಜರಡಿ ಹಿಡಿದ ಎರೆಗೊಬ್ಬರ ಎರಡು ಲೀಟರ್, ಭತ್ತದ ಹೊಟ್ಟಿನ ಇದ್ದಿಲು ಅಥವಾ ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಹರಳು) ಎರಡು ಲೀಟರ್. ಎರಡೂ ಸಿಗದಿದ್ದರೆ ದಪ್ಪ ಮರಳು ಆಗುತ್ತದೆ. ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್ ಆದರೆ ನೀರಿನಲ್ಲಿ ತೊಳೆದು ಬೂದಿಯಂಥ ಸಣ್ಣ ಪುಡಿಯನ್ನೆಲ್ಲ ಚೆಲ್ಲಿಬಿಡಬೇಕು, ಆ ಪುಡಿಯೇ ರಂಧ್ರ ಮುಚ್ಚುವುದು. ಎರೆಗೊಬ್ಬರ ಒಳ್ಳೆಯದೆಂದು ಅರ್ಧಕ್ಕರ್ಧ ಹಾಕಬಾರದು. ಅದರ ಕಣ ಸಣ್ಣದು, ಲವಣಾಂಶ ಹೆಚ್ಚು, ಐದರಲ್ಲಿ ಒಂದು ಪಾಲು ದಾಟಿದರೆ ಲಾಭಕ್ಕಿಂತ ಅಪಾಯವೇ ಹೆಚ್ಚುತ್ತಾ ಹೋಗುತ್ತದೆ.

ಸಸಿ ನಾಲ್ಕೈದು ಇಂಚಿನ ಪ್ಲಾಸ್ಟಿಕ್ ನರ್ಸರಿ ಕವರಿಗೆ ಹೋಗುವಾಗ ಕೆಮ್ಮಣ್ಣಿಗೆ ಜಾಗ ಉಂಟು: ಕೆಮ್ಮಣ್ಣು ಮೂರು ಪಾಲು, ಕೋಕೋಪೀಟ್ ಮೂರು, ಕಳಿತ ಕಾಂಪೋಸ್ಟ್ ಅಥವಾ ಕೊಟ್ಟಿಗೆ ಗೊಬ್ಬರ ಮೂರು, ದಪ್ಪ ಮರಳು ಒಂದು.

ಕೋಕೋಪೀಟ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಅರ್ಧ ತೊಂದರೆಗಳು ಅಲ್ಲಿಂದಲೇ ಬರುತ್ತವೆ. ತೆಂಗಿನ ಸಿಪ್ಪೆಯಲ್ಲಿ ಸಹಜವಾಗಿಯೇ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಹೆಚ್ಚು. ಕಡಲ ಕಡೆಯ ಉಪ್ಪುನೀರಿನಲ್ಲಿ ಕೊಳೆಸಿದ ಸಿಪ್ಪೆಯಾದರೆ ಇನ್ನೂ ಹೆಚ್ಚು. ಇಟ್ಟಿಗೆಯಂತೆ ಒತ್ತಿ ಮಾರುವ 5 ಕಿಲೋ ಕೋಕೋಪೀಟನ್ನು ಇಪ್ಪತ್ತು ಇಪ್ಪತ್ತೈದು ಲೀಟರ್ ನೀರಿನಲ್ಲಿ ನೆನೆಸಿದರೆ ಅರವತ್ತು ಲೀಟರಿನಷ್ಟಕ್ಕೆ ಉಬ್ಬುತ್ತದೆ. ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಹಿಂಡಿ, ಮತ್ತೆ ನೀರು ತುಂಬಿ ಹಿಂಡುವುದನ್ನು ಎರಡು ಮೂರು ಸಲ ಮಾಡಬೇಕು. ಕುಡಿಯುವ ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ನೋಡುವ ಟಿಡಿಎಸ್ ಮೀಟರ್ ಇದ್ದರೆ ಹಾಕಿದ ನೀರನ್ನೂ ಹಿಂಡಿದ ನೀರನ್ನೂ ಅಳೆಯಿರಿ. ಎರಡರ ನಡುವೆ 150–200ಕ್ಕಿಂತ ಹೆಚ್ಚು ಅಂತರ ಇದ್ದರೆ ಇನ್ನೊಂದು ತೊಳೆತ ಬೇಕು. ಮಿಶ್ರಣ ಸಿದ್ಧವಾದ ಮೇಲೂ ಇದೇ ಮೀಟರ್ ಕೆಲಸಕ್ಕೆ ಬರುತ್ತದೆ: ಒಂದು ಲೋಟ ಮಿಶ್ರಣಕ್ಕೆ ಎರಡು ಲೋಟ ಆರ್‌ಒ ಶುದ್ಧ ನೀರು ಬೆರೆಸಿ, ಅರ್ಧ ಗಂಟೆ ಬಿಟ್ಟು ಸೋಸಿ ಅಳೆದಾಗ 125ರಿಂದ 375ರ ನಡುವೆ ಬಂದರೆ ಸಸಿಗೆ ಹಿತ. 600 ದಾಟಿದರೆ ಬಿತ್ತಬೇಡಿ, ಇನ್ನಷ್ಟು ಕೋಕೋಪೀಟ್ ಸೇರಿಸಿ ತೆಳುವಾಗಿಸಿ. ತೊಳೆಯುವ ತಾಪತ್ರಯ ಬೇಡವೆಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ‘ಅರ್ಕಾ’ ಹೆಸರಿನ ಹುದುಗಿಸಿದ ಕೋಕೋಪೀಟ್ ಒಳ್ಳೆಯ ಆಯ್ಕೆ.

ನೀರಿನ ಮೂಲವನ್ನೂ ಇಲ್ಲೇ ಗಮನಿಸಿ. ಬೋರ್‌ವೆಲ್ ನೀರಿನ ಗಡಸುತನದಿಂದ ಕ್ಯಾಲ್ಸಿಯಂ ಸಿಗುತ್ತದೆ, ಕೋಕೋಪೀಟಿಗೆ ಅದು ಬೇಕಾದದ್ದೇ. ಆದರೆ ಜೊತೆಯಲ್ಲಿರುವ ಬೈಕಾರ್ಬನೇಟ್ ವಾರಗಳು ಕಳೆದಂತೆ ಮಿಶ್ರಣವನ್ನು ಕ್ಷಾರದ ಕಡೆಗೆ ಎಳೆಯುತ್ತದೆ, ಆಗ ಕಬ್ಬಿಣ ಸಿಗದೆ ಹೊಸ ಎಲೆಗಳಲ್ಲಿ ನರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಕಾವೇರಿ ನೀರು ಅಥವಾ ಹಿಡಿದಿಟ್ಟ ಮಳೆನೀರು ಇದ್ದರೆ ಸಸಿಗಳಿಗೆ ಅದನ್ನೇ ಮೀಸಲಿಡಿ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ದಾಟಿ ಬಂದ ನೀರು ಬೇಡವೇ ಬೇಡ, ಆ ಯಂತ್ರ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ನೆಲ ಒರೆಸಲು ಬಳಸಿ, ಸಸಿಗೆ ಹಾಕಬೇಡಿ. ಲವಣವೆಲ್ಲ ಒಟ್ಟಾಗಿ ಸೇರಿರುವುದು ಅದರಲ್ಲೇ.

ಸಾವಯವ ಗೊಬ್ಬರಗಳ ವಿಷಯದಲ್ಲಿ ಒಂದು ಮೂಲ ಸಂಗತಿ ಮನಸ್ಸಿನಲ್ಲಿದ್ದರೆ ಮುಕ್ಕಾಲು ತಪ್ಪು ತಪ್ಪುತ್ತವೆ: ಗಿಡ ಹಿಂಡಿಯನ್ನು ನೇರವಾಗಿ ತಿನ್ನುವುದಿಲ್ಲ. ಕಡಲೆಕಾಯಿ ಹಿಂಡಿಯಲ್ಲಿ ಸುಮಾರು ಶೇ. 7, ಬೇವಿನ ಹಿಂಡಿಯಲ್ಲಿ ಶೇ. 5, ಹೊಂಗೆ ಹಿಂಡಿಯಲ್ಲಿ ಶೇ. 4ರಷ್ಟು ಸಾರಜನಕ ಇದೆ, ಬಹುಪಾಲು ಪ್ರೋಟೀನಿನ ರೂಪದಲ್ಲಿ. ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ಮೊದಲು ಅಮೋನಿಯಂ ಬರುತ್ತದೆ, ಬೇರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟಿಗೆ, ಆಮೇಲೆ ನೈಟ್ರೇಟಿಗೆ ತಿರುಗಿಸುತ್ತವೆ. ಈ ಕೆಲಸಕ್ಕೆ ಎರಡರಿಂದ ನಾಲ್ಕು ವಾರ ಬೇಕು, ಡಿಸೆಂಬರಿನ ಚಳಿಯಲ್ಲಿ ಇನ್ನೂ ನಿಧಾನ. ಬಿತ್ತುವ ದಿನವೇ ಹಿಂಡಿ ಬೆರೆಸಿದರೆ ಎಳೆ ಬೇರು ಅಮೋನಿಯಾದ ನಡುವೆ ಸಿಕ್ಕಿಕೊಂಡು ತುದಿ ಸುಟ್ಟುಹೋಗುತ್ತದೆ. ಅದರ ಜೊತೆ ಕಟ್ಟಿಗೆ ಬೂದಿಯನ್ನೂ ಹಾಕಿದರೆ ಕ್ಷಾರ ಹೆಚ್ಚಿ ಅಮೋನಿಯಂ ಅನಿಲವಾಗಿ ಹೊರಡುತ್ತದೆ: ಬೇರೂ ಸುಟ್ಟಿತು, ಸಾರಜನಕವೂ ಹೋಯಿತು. ಟ್ರೇ ಮಿಶ್ರಣಕ್ಕೆ ಹಿಂಡಿಯೇ ಬೇಡ. ಕವರಿನ ಮಿಶ್ರಣಕ್ಕೆ ಹತ್ತು ಲೀಟರಿಗೆ 20 ಗ್ರಾಂ ಬೇವಿನ ಹಿಂಡಿ ಸಾಕು, ಲೆಕ್ಕ ಹಾಕಿದರೆ ಅದು ಲೀಟರಿಗೆ 100 ಮಿಲಿಗ್ರಾಂ ಸಾರಜನಕ ಆಯಿತು. ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಗೋಣಿಚೀಲ ಮುಚ್ಚಿ ಹದಿನೈದು ದಿನ ನೆರಳಲ್ಲಿಟ್ಟ ಮೇಲೆ ಬಳಸಿ.

ಆ ಹದಿನೈದು ದಿನವನ್ನು ಇನ್ನೊಂದಕ್ಕೂ ಬಳಸಿಕೊಳ್ಳಬಹುದು. ಒಂದು ಕಿಲೋ ಕಾಂಪೋಸ್ಟಿಗೆ 10 ಗ್ರಾಂ ಟ್ರೈಕೊಡರ್ಮಾ (ಗಿಡಕ್ಕೆ ಉಪಕಾರಿಯಾದ ಶಿಲೀಂಧ್ರ) ಪುಡಿ ಸೇರಿಸಿದರೆ ಅದು ಅಷ್ಟರಲ್ಲಿ ಗೊಬ್ಬರದ ತುಂಬ ಹಬ್ಬಿಕೊಂಡು, ಸಸಿ ಸಾಯಿಸುವ ಶಿಲೀಂಧ್ರಗಳಿಗೆ ಜಾಗ ಬಿಡುವುದಿಲ್ಲ. ಅರ್ಧಂಬರ್ಧ ಕಳಿತ ಸಗಣಿ ಗೊಬ್ಬರದಲ್ಲಿ ಗೊಣ್ಣೆಹುಳು ಬರುವ ಭಯವೂ ಇದೆ, ಜರಡಿ ಹಿಡಿಯುವಾಗ ಕಣ್ಣಿಟ್ಟು ನೋಡಿ. ಜೀವಾಮೃತವನ್ನು ಎಕರೆ ಲೆಕ್ಕದಲ್ಲಿ ತಯಾರಿಸುವುದು: 200 ಲೀಟರ್ ನೀರಿಗೆ 10 ಕಿಲೋ ಸಗಣಿ, 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು. ಹೊಲದ ಮಣ್ಣಿಗೆ ಸರಿ. ಒಂದು ಗುಳಿಯಷ್ಟು ಮಿಶ್ರಣಕ್ಕೆ ಬಿದ್ದರೆ ಬೆಲ್ಲ ತಿಂದು ಹೆಚ್ಚಿದ ಸೂಕ್ಷ್ಮಜೀವಿಗಳು ಇದ್ದ ಆಮ್ಲಜನಕವನ್ನೂ ಸಾರಜನಕವನ್ನೂ ತಾವೇ ಖರ್ಚು ಮಾಡಿಬಿಡುತ್ತವೆ.

ಮನೆಯ ಹಸಿ ಕಸದಿಂದ ಮಾಡಿದ ಕಾಂಪೋಸ್ಟು ಕಳಿತಿದೆಯೇ ಎಂದು ಕಪ್ಪು ಬಣ್ಣ ನೋಡಿ ಹೇಳಲಾಗದು. ಒಗ್ಗರಣೆ ಡಬ್ಬದ ಸಾಸಿವೆ ಹೇಳುತ್ತದೆ. ಒಂದು ತಟ್ಟೆಯಲ್ಲಿ ತೊಳೆದ ಕೋಕೋಪೀಟ್, ಇನ್ನೊಂದರಲ್ಲಿ ಕಾಂಪೋಸ್ಟನ್ನು ಅಷ್ಟೇ ಕೋಕೋಪೀಟಿನ ಜೊತೆ ಬೆರೆಸಿ ಹಾಕಿ, ಎರಡಕ್ಕೂ ಇಪ್ಪತ್ತಿಪ್ಪತ್ತು ಸಾಸಿವೆ ಉದುರಿಸಿ, ಒದ್ದೆಯಾಗಿಡಿ. ಮೂರನೆಯ ದಿನ ಎಣಿಸಿ. ಮೊದಲನೆಯದರಲ್ಲಿ ಹದಿನೆಂಟು ಮೊಳೆತು ಎರಡನೆಯದರಲ್ಲಿ ಹತ್ತೇ ಬಂದಿದ್ದರೆ ಕಾಂಪೋಸ್ಟು ಇನ್ನೂ ಹಸಿ. ಎಣಿಕೆಗಿಂತ ಹೆಚ್ಚು ಹೇಳುವುದು ಬೇರು. ಮೊಳಕೆಯನ್ನು ಮೆಲ್ಲಗೆ ಎತ್ತಿ ಬೆಳಕಿಗೆ ಹಿಡಿಯಿರಿ: ಆರೋಗ್ಯದ ಬೇರು ನೇರವಾಗಿ, ಬೆಳ್ಳಗೆ, ಸುತ್ತ ಹತ್ತಿಯಂಥ ನವಿರು ರೋಮ ಹೊದ್ದಿರುತ್ತದೆ. ಅಮೋನಿಯಾ ಅಥವಾ ಲವಣ ತಗುಲಿದ ಬೇರಿಗೆ ರೋಮವೇ ಇರುವುದಿಲ್ಲ, ಗಿಡ್ಡಗೆ, ತುದಿಯಲ್ಲಿ ಕಂದಾಗಿ ಮೊಂಡಾಗಿರುತ್ತದೆ. ಅಂಥ ಕಾಂಪೋಸ್ಟನ್ನು ಇನ್ನೊಂದು ತಿಂಗಳು ಬಿಡಿ.

ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ. ಟ್ರೇಯನ್ನು ತಾರಸಿಯ ನೆಲಕ್ಕೆ ತಾಗಿಸದೆ ಎರಡು ಇಟ್ಟಿಗೆ ಮೇಲೆ ಇಡಿ, ಕೆಳಗೂ ಗಾಳಿ ಆಡಲಿ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಮೇಲೆ ಪಾರದರ್ಶಕ ಹಾಳೆ ಬೇಕೇ ಬೇಕು. ಬುಡ ಕೊಳೆಸುವ ಪಿಥಿಯಂ ಒದ್ದೆಯ ತೆಳು ಪದರದಲ್ಲೇ ಈಜಿ ಒಂದು ಸಸಿಯಿಂದ ಇನ್ನೊಂದಕ್ಕೆ ದಾಟುತ್ತದೆ. ಎಲೆ ಹಸಿರಾಗಿಯೇ ಇದ್ದು ಕಾಂಡ ಮಣ್ಣಿನ ಮಟ್ಟದಲ್ಲಿ ದಾರದಷ್ಟು ಸಣ್ಣಗಾಗಿ ಸಸಿ ಮಲಗಿದರೆ ಅದೇ ಆ ರೋಗ. ಬಿದ್ದದ್ದನ್ನು ಉಳಿಸಲಾಗದು. ಸುತ್ತಲಿನ ಗುಳಿಗಳ ಮಿಶ್ರಣ ಸಮೇತ ತೆಗೆದು ಹಾಕಿ, ಎರಡು ದಿನ ನೀರು ನಿಲ್ಲಿಸಿ, ಇನ್ನು ಮುಂದೆ ಬೆಳಿಗ್ಗೆ ಮಾತ್ರ ನೀರು ಕೊಡಿ.

ಮೊದಲ ನಿಜವಾದ ಎಲೆ ಬಂದ ಮೇಲೆ ವಾರಕ್ಕೊಮ್ಮೆ ತೆಳು ಆಹಾರ ಸಾಕು. ಎರೆಜಲವನ್ನು ಹತ್ತು ಪಟ್ಟು ನೀರಿನಲ್ಲಿ ಬೆರೆಸಿ ಬುಡಕ್ಕೆ ಕೊಡಬಹುದು. ಪಂಚಗವ್ಯವಾದರೆ ಬೆಳೆದ ಗಿಡಕ್ಕೆ ಲೀಟರಿಗೆ 30 ಮಿಲಿ ರೂಢಿ, ಸಸಿಗೆ 10 ಮಿಲಿ ಮೀರಬೇಡಿ. ಕೆಳಗಿನ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕ ಕಡಿಮೆ, ಎಲೆಯಂಚು ಕಂದಾಗಿ ಒಣಗಿದರೆ ಲವಣ ಹೆಚ್ಚು. ಡಿಸೆಂಬರ್, ಜನವರಿಯಲ್ಲಿ ಟೊಮೆಟೊ ಎಲೆಯಡಿ ನೇರಳೆ ಬಣ್ಣ ಕಂಡರೆ ಮೂಳೆಪುಡಿಗೆ ಓಡಬೇಡಿ: ಚಳಿಗೆ ಬೇರು ರಂಜಕ ಎಳೆದುಕೊಳ್ಳಲಾರದೆ ಹಾಗಾಗಿರುತ್ತದೆ, ಹಗಲು ಬಿಸಿಲಿಗಿಟ್ಟು ರಾತ್ರಿ ಒಳಗಿಟ್ಟರೆ ಹೋಗುತ್ತದೆ. ಸಸಿ ಸೊರಗಿ ಉದ್ದವಾಗಿ ವಾಲಿದರೆ ಬೆಳಕು ಸಾಲುತ್ತಿಲ್ಲ, ಅದಕ್ಕೆ ಯಾವ ಗೊಬ್ಬರವೂ ಮದ್ದಲ್ಲ.

ಟೊಮೆಟೊ 25–30 ದಿನಕ್ಕೆ, ಮೆಣಸಿನಕಾಯಿ 35–40 ದಿನಕ್ಕೆ ಸ್ಥಳ ಬದಲಿಸಲು ಸಿದ್ಧ. ಅದಕ್ಕೆ ಐದಾರು ದಿನ ಮೊದಲಿನಿಂದ ನೀರು ಸ್ವಲ್ಪ ಕಡಿಮೆ ಮಾಡಿ, ಬಿಸಿಲು ಹೆಚ್ಚು ಮಾಡಿ. ಟೊಮೆಟೊ ಕಾಂಡಕ್ಕೆ ಮಣ್ಣು ತಾಗಿದಲ್ಲೆಲ್ಲ ಹೊಸ ಬೇರು ಬರುವುದರಿಂದ ಬೀಜದೆಲೆಯ ಮಟ್ಟದವರೆಗೂ ಹೂಳಬಹುದು. ಮೆಣಸಿನಕಾಯಿ, ಬದನೆಯನ್ನು ಟ್ರೇಯಲ್ಲಿದ್ದಷ್ಟೇ ಆಳಕ್ಕೆ ಕೂರಿಸಿ.